ತಕ್ಕಡಿಗೆ ಸಿಗದ ಬೊಜ್ಜು

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಕನ್ನಡ, ತೆಲುಗು ಎರಡೂ ಒಂದೇ ನಾಲಿಗೆಯ ಮೇಲೆ ಓಡಾಡುವ ಭಾಷೆಗಳು. ತೆಲುಗಿನವರ ‘ಬೊಜ್ಜ’ ಎಂದರೆ ಹೊಟ್ಟೆ. ನಮ್ಮ ‘ಬೊಜ್ಜು’ ಎಂದರೆ ಮೈಯಲ್ಲಿ ಕೂಡಿದ ಕೊಬ್ಬು. ಕೊಬ್ಬು ಎಷ್ಟಿದೆ ಎಂಬುದಷ್ಟೇ ಅಲ್ಲ, ಎಲ್ಲಿ ಕೂತಿದೆ ಎಂಬುದೂ ಮುಖ್ಯ ಎಂದು ವೈದ್ಯರು ಈಗ ಒತ್ತಿ ಹೇಳುತ್ತಿದ್ದಾರೆ. ಅದನ್ನು ಹಳ್ಳಿಯವರ ಮಾತು ಎಂದೋ ಹೊಟ್ಟೆಗೆ ತಂದು ಕಟ್ಟಿದೆ!

ಆದರೆ ಮಾತಿಗಿರುವ ಈ ವಿವೇಕ ನಮ್ಮ ಕಣ್ಣಿಗಿಲ್ಲ. ಊರಿಗೆ ಬಂದ ಮಗನ ಕೆನ್ನೆ ಸ್ವಲ್ಪ ಇಳಿದಿದ್ದರೆ ‘ಯಾಕಪ್ಪಾ ಇಷ್ಟು ಸೊರಗಿದ್ದೀಯ’ ಎಂದು ಅಜ್ಜಿ ಕೇಳುತ್ತಾಳೆ. ದಪ್ಪಗಾದವನನ್ನು ‘ಮೈಕೈ ತುಂಬಿಕೊಂಡಿದ್ದಾನೆ’ ಎಂದು ಮೆಚ್ಚುತ್ತಾಳೆ. ಬರ ಮತ್ತೆ ಮತ್ತೆ ಕಂಡ ಕೋಲಾರದಂಥ ಜಿಲ್ಲೆಯಲ್ಲಿ ಇದು ಸಹಜವೇ. ತುಂಬಿದ ಹೊಟ್ಟೆ ತುಂಬಿದ ಕಣಜದ ಗುರುತಾಗಿತ್ತು. ಮುಳಬಾಗಿಲಿನ ಹತ್ತಿರ ಕುರುಡುಮಲೆಯಲ್ಲಿ ಆಳೆತ್ತರ ಮೀರಿದ ಏಕಶಿಲಾ ಗಣಪನ ಮುಂದೆ ನಿಂತು ಕೈಮುಗಿಯುವವರಿಗೆ ಡೊಳ್ಳು ಹೊಟ್ಟೆ ಮಂಗಳಕರವಾಗಿ ಕಂಡರೆ ತಪ್ಪೇನು?

ಆದರೂ ನಮ್ಮ ಹಳೆಯ ವೈದ್ಯರು ಈ ವಿಷಯದಲ್ಲಿ ಮೈಮರೆತವರಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ 21ನೇ ಅಧ್ಯಾಯ ಎಂಟು ಬಗೆಯ ‘ನಿಂದಿತ’ ಶರೀರಗಳನ್ನು ಹೇಳಿ, ಅವುಗಳಲ್ಲಿ ಅತಿಸ್ಥೂಲ ಮತ್ತು ಅತಿಕೃಶ ಎರಡನ್ನು ವಿಶೇಷವಾಗಿ ವಿವರಿಸುತ್ತದೆ. ಎರಡರಲ್ಲಿ ಸ್ಥೂಲನ ಪಾಡೇ ಹೆಚ್ಚು ಕಷ್ಟದ್ದು ಎಂಬುದು ಅದರ ತೀರ್ಪು. ಸ್ಥೂಲನನ್ನು ಅದು ಗುರುತಿಸುವುದೂ ತೂಕದಿಂದಲ್ಲ. ಹೊಟ್ಟೆ, ಪಿರ್ರೆ, ಎದೆ ಜೋಲುವುದರಿಂದ. ಇನ್ನೊಂದು ಸ್ವಾರಸ್ಯವಿದೆ. ಚರಕ ದೇಹವನ್ನು ಅಳೆಯುವುದು ಅಂಗುಲಗಳಲ್ಲಿ, ಅದೂ ಆಯಾ ಮನುಷ್ಯನ ಸ್ವಂತ ಬೆರಳಿನ ಅಂಗುಲಗಳಲ್ಲಿ. ಒಬ್ಬನ ದೇಹಕ್ಕೆ ಅವನೇ ಅಳತೆಗೋಲು! ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇಂದು ಆಸ್ಪತ್ರೆಗಳಲ್ಲಿ ಬಳಸುವ ಬಿಎಂಐ ಎಂಬ ಲೆಕ್ಕ ಮಾತ್ರ ವೈದ್ಯರ ಮನೆಯಲ್ಲಿ ಹುಟ್ಟಿದ್ದಲ್ಲ. ಬೆಲ್ಜಿಯಂನ ಖಗೋಳ ಮತ್ತು ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕ್ವೆಟ್ಲೆ ‘ಸರಾಸರಿ ಮನುಷ್ಯ’ ಹೇಗಿರುತ್ತಾನೆಂದು ಹುಡುಕುತ್ತಿದ್ದ. ವಯಸ್ಕರ ತೂಕ ಸುಮಾರಾಗಿ ಅವರ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು 19ನೇ ಶತಮಾನದ ಮೊದಲ ಅರ್ಧದಲ್ಲಿ ಅವನು ಕಂಡುಕೊಂಡ. ಯಾರು ದಪ್ಪ, ಯಾರು ರೋಗಿ ಎಂಬುದು ಅವನ ಪ್ರಶ್ನೆಯಾಗಿರಲಿಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ ಸುಮಾರು 7,400 ಗಂಡಸರನ್ನು ಅಳೆದ ಲೆಕ್ಕಗಳನ್ನು ಪರಿಶೀಲಿಸಿ, ಈ ಹಳೆಯ ಸೂತ್ರವೇ ವಾಸಿ ಎಂದು ಅದಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂಬ ಹೆಸರಿಟ್ಟರು. ಆ ಐದು ದೇಶಗಳಲ್ಲಿ ಭಾರತ ಇರಲಿಲ್ಲ. ಹೆಂಗಸರಂತೂ ಇರಲೇ ಇಲ್ಲ.

ಲೆಕ್ಕ ಸುಲಭ. ಕಿಲೋಗ್ರಾಂನಲ್ಲಿ ತೂಕ ಬರೆದುಕೊಳ್ಳಿ. ಮೀಟರಿನಲ್ಲಿ ಎತ್ತರ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ. ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಿ. 165 ಸೆಂಟಿಮೀಟರ್ ಎತ್ತರದ, 66 ಕಿಲೋ ತೂಗುವ ಗಂಡಸಿನ ಬಿಎಂಐ 24.2. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿಯಂತೆ 18.5ರಿಂದ 25ರವರೆಗೆ ಸರಿಯಾದ ತೂಕ. 25 ಮುಟ್ಟಿದರೆ ಅತಿತೂಕ. 30 ಮುಟ್ಟಿದರೆ ಬೊಜ್ಜು. ಹಾಗಾದರೆ ಈತ ನೆಮ್ಮದಿಯಾಗಿ ಮನೆಗೆ ಹೋಗಬಹುದು.

ಹೋಗುವ ಮುನ್ನ ಇನ್ನೊಂದು ಕತೆ ಕೇಳಲಿ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರು ವೈದ್ಯವಿಜ್ಞಾನಿಗಳ ಚಿತ್ರ ಅಚ್ಚಾಯಿತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐಯೂ 22.3. ಆದರೆ ಮೈಯಲ್ಲಿದ್ದ ಕೊಬ್ಬನ್ನು ಅಳೆದಾಗ ಯುಡ್ಕಿನ್ನರದು ಶೇಕಡ 9.1, ಯಾಜ್ಞಿಕರದು ಶೇಕಡ 21.2! ತಕ್ಕಡಿಯ ಕಣ್ಣಿಗೆ ಇಬ್ಬರೂ ಒಂದೇ. ಕೈಕಾಲು ತೆಳ್ಳಗೆ, ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು: ನಮ್ಮವರಲ್ಲಿ ಅನೇಕರದು ಇದೇ ಮೈಕಟ್ಟು. ಚರ್ಮದ ಕೆಳಗಿನ ಕೊಬ್ಬು ಅಷ್ಟು ಅಪಾಯಕಾರಿಯಲ್ಲ. ಹೊಟ್ಟೆಯೊಳಗೆ ಕರುಳು, ಯಕೃತ್ತಿನ ಸುತ್ತ ಸೇರುವ ಕೊಬ್ಬು ಸುಮ್ಮನೆ ಕೂರುವುದಿಲ್ಲ; ಅದು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬಂದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳಿಗೆ ದಾರಿ ಮಾಡುತ್ತದೆ.

ಹೀಗಾಗಿ 2002ರಲ್ಲಿ ಸಿಂಗಪುರದಲ್ಲಿ ಸೇರಿದ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರು 23ಕ್ಕೇ ಎಚ್ಚರಗೊಳ್ಳಬೇಕೆಂದರು. 2009ರಲ್ಲಿ ಭಾರತದ ತಜ್ಞರು 23 ಅತಿತೂಕ, 25 ಬೊಜ್ಜು ಎಂದು ಗೆರೆ ಎಳೆದು, ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದೆಂದರು. 2025ರ ಜನವರಿಯಲ್ಲಿ ಪ್ರಕಟವಾದ ಭಾರತೀಯ ತಜ್ಞರ ಪರಿಷ್ಕೃತ ಸೂತ್ರಗಳಲ್ಲಿ ಸೊಂಟದ ಅಳತೆಗೆ ಇನ್ನೂ ಹೆಚ್ಚಿನ ಮಾನ್ಯತೆ ಸಿಕ್ಕಿದೆ. ಮೇಲೆ ಹೇಳಿದ 24.2ರ ಗೃಹಸ್ಥನನ್ನು ವಾಪಸು ಕರೆಯಬೇಕಾಯಿತು.

ಇದೆಲ್ಲ ಬೆಂಗಳೂರಿನವರ ಪಾಡು ಎನ್ನುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಬಿಎಂಐ 25 ಮುಟ್ಟಿದವರು ಗಂಡಸರಲ್ಲೂ ಹೆಂಗಸರಲ್ಲೂ ನೂರಕ್ಕೆ ಸುಮಾರು 30 ಮಂದಿ. 2015–16ರಲ್ಲಿ ಇದು 22–23ರ ಆಸುಪಾಸಿನಲ್ಲಿತ್ತು. ಅದೇ ಸಮೀಕ್ಷೆಯಲ್ಲಿ ತೀರ ತೆಳ್ಳಗಿನ ಹೆಂಗಸರು ನೂರಕ್ಕೆ 17 ಇದ್ದರು. ಒಂದೇ ರಾಜ್ಯದಲ್ಲಿ ಹಸಿವೂ ಬೊಜ್ಜೂ ಅಕ್ಕಪಕ್ಕದಲ್ಲಿವೆ.

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಒಂದು ದೀರ್ಘ ಅಧ್ಯಯನ ನಡೆಸುತ್ತಿದೆ. 45 ವರ್ಷ ದಾಟಿದ ಸುಮಾರು 10,000 ಮಂದಿಯನ್ನು ವರ್ಷಗಟ್ಟಲೆ ಗಮನಿಸುವುದು ಅದರ ಗುರಿ. ವಿಷಯ ಮುಪ್ಪಿನ ಮರೆವು. ಹಾಗಿದ್ದೂ ಅಲ್ಲಿ ಸಕ್ಕರೆ, ರಕ್ತದೊತ್ತಡ, ಸೊಂಟದ ಸುತ್ತಳತೆಗಳ ಲೆಕ್ಕವೂ ಬೇಕು. ನಡುವಯಸ್ಸಿನ ಬೊಜ್ಜು ಮುಂದೆ ಮರೆವಿನ ಕಾಯಿಲೆಯ ಸಂಭವ ಹೆಚ್ಚಿಸುವ ಅಂಶಗಳಲ್ಲೊಂದು.

ಮಾವಿನ ತೋಪುಗಳ ಈ ಊರುಗಳಿಗೆ ಬೊಜ್ಜು ಎಲ್ಲಿಂದ ಬಂತು? ಮುದ್ದೆಯ ಮೇಲೆ ಗೂಬೆ ಕೂರಿಸುವವರಿದ್ದಾರೆ; ಅದು ನ್ಯಾಯವಲ್ಲ. ಕಪಿಲೆ ಹೊಡೆದು ನೀರೆತ್ತಿ, ಕಲ್ಲಿನಲ್ಲಿ ರಾಗಿ ಬೀಸುತ್ತಿದ್ದ ಮೈಗಳೂ ಮುದ್ದೆಯನ್ನೇ ಉಂಡವು. ಈಗ ಬೋರ್‌ವೆಲ್ಲಿಗೆ ಗುಂಡಿ ಒತ್ತಿದರೆ ಸಾಕು. ಮಾಲೂರಿನಲ್ಲಿ ಬೆಳಗಿನ ರೈಲು ಹತ್ತಿದವರು ಬೆಂಗಳೂರಿನಲ್ಲಿ ದಿನವಿಡೀ ಕುರ್ಚಿಯಲ್ಲಿದ್ದು, ರಾತ್ರಿ ಬಂದು ಉಂಡು ಮಲಗುತ್ತಾರೆ. ಕೋಲಾರದ ಬೇಕರಿಗಳಲ್ಲಿ ಸಂಜೆ ಕಾಲಿಡಲು ಜಾಗವಿರುವುದಿಲ್ಲ. ತುಪ್ಪ ಜಿನುಗುವ ಮುಳಬಾಗಿಲು ದೋಸೆಯ ಬಗ್ಗೆ ಕಠಿಣವಾಗಿ ಬರೆಯಲು ನನಗೆ ಮನಸ್ಸಿಲ್ಲ. ದಿನವೂ ಬೇಡ ಎಂದಷ್ಟೇ ಹೇಳಬಹುದು.

ಈಗ ಅಳತೆಗೆ ಬರೋಣ. ತಕ್ಕಡಿ ಬೇಡ, ಒಂದು ದಾರ ಸಾಕು. ನೆತ್ತಿಯಿಂದ ಅಂಗಾಲಿನವರೆಗೆ ನಿಮ್ಮ ಎತ್ತರಕ್ಕೆ ದಾರ ಕತ್ತರಿಸಿ, ಸರಿಯಾಗಿ ಎರಡಾಗಿ ಮಡಿಸಿ ಸೊಂಟಕ್ಕೆ ಸುತ್ತಿ. ತುದಿಗಳು ಕೂಡದಿದ್ದರೆ ಹೊಟ್ಟೆಯ ಬೊಜ್ಜು ಹೆಚ್ಚಾಗಿದೆ ಎಂದರ್ಥ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎಂದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಮಾರ್ಗಸೂಚಿಯೂ 2022ರಿಂದ ಹೇಳುತ್ತಿದೆ. ಕುಳ್ಳನಿಗೆ ಕುಳ್ಳನ ಲೆಕ್ಕ, ಉದ್ದನೆಯವನಿಗೆ ಅವನದೇ ಲೆಕ್ಕ: ಚರಕನ ಸ್ವಂತ ಅಂಗುಲದ ಹಾಗೆ. ನಮ್ಮ 165 ಸೆಂಟಿಮೀಟರಿನ ಗೃಹಸ್ಥನ ಮಿತಿ 82.5. ಗರ್ಭಿಣಿಯರಿಗೆ ಈ ಅಳತೆ ಸಲ್ಲದು. ದಾರ ಕೂಡದವರು ಹೆದರಬೇಕಿಲ್ಲ. ಆದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ರಕ್ತದೊತ್ತಡ ನೋಡಿಸಿಕೊಳ್ಳುವುದು ಒಳಿತು.

ದಾರ ಸುತ್ತುವ ಜಾಗ ಮಾತ್ರ ತಪ್ಪಬಾರದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ನೇರ ನಿಂತು, ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳೆಯಬೇಕು. ಹೊಟ್ಟೆ ಒಳಗೆಳೆದುಕೊಳ್ಳುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ. ಉಡಿದಾರವನ್ನೂ ನಂಬುವಂತಿಲ್ಲ, ಹೊಟ್ಟೆ ಬೆಳೆದಂತೆಲ್ಲ ಅದು ಜಾರಿ ಕೆಳಗೆ ಕೂರುತ್ತದೆ. ಪ್ಯಾಂಟಿನದೂ ಅದೇ ಹಣೆಬರಹ. ಹತ್ತು ವರ್ಷದಿಂದ ತನ್ನದು 34ರ ಸೈಜೇ ಎಂದು ಬೀಗುವವರು ಅದನ್ನು ಹೊಟ್ಟೆಯ ಮೇಲೆ ಕಟ್ಟುತ್ತಿದ್ದಾರೋ ಕೆಳಗೆ ಕಟ್ಟುತ್ತಿದ್ದಾರೋ ಒಮ್ಮೆ ನೋಡಿಕೊಳ್ಳಲಿ.