ಕುಡಿದು ವಾಹನ ನಡೆಸಿದ ಆರೋಪ: ಕಾಗದ ತಿಳಿಯುವ ಭಾಷೆಯಲ್ಲಿರಲಿ

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ನಮ್ಮ ಕನ್ನಡ ಮನೆಗಳಲ್ಲಿ ವಾಹನ ನಡೆಸಿ ಸಂಸಾರ ಸಾಗಿಸುವವರಿದ್ದಾರೆ. ಮದ್ಯಪಾನದ ಸಂಶಯದಿಂದ ಅವರಲ್ಲೊಬ್ಬರ ಬಂಧನವಾದರೆ ಮನೆಯವರು ತಿಳಿದಿರಬೇಕಾದ ಸಂಗತಿಗಳಿವು.

1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನಂತೆ, 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರವು 30 ಮಿಲಿಗ್ರಾಂ ಮೀರಿರುವುದು ಉಸಿರಿನ ತಪಾಸಣೆಯಿಂದ ಕಂಡುಬಂದರೆ ಅಪರಾಧ. ಮೊದಲ ಸಲ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮರುಕಳಿಸಿದರೆ 2 ವರ್ಷದವರೆಗೆ ಸೆರೆವಾಸ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಅಪಘಾತದಲ್ಲಿ ಯಾರಾದರೂ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಸೇರಿ 5 ವರ್ಷದವರೆಗೆ ಶಿಕ್ಷೆಯಾಗಬಹುದು. ಇನ್ನೂ ಕಠಿಣ ಆರೋಪವೂ ಬರಬಹುದು.

185ರಡಿ ಬಂಧಿಸಿದ 2 ಗಂಟೆಯೊಳಗೆ ವೈದ್ಯಕೀಯ ತಪಾಸಣೆ ನಡೆಯಬೇಕು. ನಡೆಯದಿದ್ದರೆ ಬಿಡುಗಡೆ ಮಾಡಬೇಕು. ಆದರೆ ಸಕಾರಣವಿಲ್ಲದೆ ತಪಾಸಣೆಗೆ ನಿರಾಕರಿಸಿದರೆ, ಆ ನಿರಾಕರಣೆಯೇ ಆರೋಪಕ್ಕೆ ಪುಷ್ಟಿಯಾದೀತು.

ಭಾಷೆಯ ಪ್ರಶ್ನೆಯೂ ಇದೆ. 2024ರ ಜುಲೈನಲ್ಲಿ ಮುಂಬಯಿಯ ವರ್ಲಿಯಲ್ಲಿ ಕಾರು ಹಾಯ್ದು ಮಹಿಳೆಯೊಬ್ಬರು ಮೃತಪಟ್ಟರು. ಆ ಪ್ರಕರಣದ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಸ್ಪಷ್ಟಪಡಿಸಿತು: ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಬೇಕು. ಮರಾಠಿ ಬಲ್ಲವರಿಗೆ ಮರಾಠಿಯ ಕಾಗದ ಸಾಕಾಗುತ್ತದೆ; ಕನ್ನಡವನ್ನಷ್ಟೇ ಬಲ್ಲವರು ಕನ್ನಡದಲ್ಲಿ ಕೇಳಲು ಸಂಕೋಚಪಡಬಾರದು. ತಿಳಿಯದ ಕಾಗದಕ್ಕೆ ಸಹಿ ಹಾಕಬೇಡಿರಿ.

24 ಗಂಟೆಯೊಳಗೆ ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು; ಪ್ರಯಾಣದ ಸಮಯ ಇದರಲ್ಲಿ ಸೇರದು. ಬಂಧನದಲ್ಲಿರುವವರಿಗೆ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿರಿ. ಪಾಲಕರೇ, ಈ ಹಕ್ಕುಗಳು ಕುಡಿದು ವಾಹನ ನಡೆಸಲು ಪರವಾನಗಿಯಲ್ಲ. ಆ ರಸ್ತೆಯ ಮೇಲೆಯೇ ನಮ್ಮ ಮಕ್ಕಳು ಶಾಲೆಗೆ ನಡೆದು ಬರುತ್ತಾರೆ.