ಕೇಳಿ ಕೊಳ್ಳುವ ಅಂಗಡಿ, ಓದಿ ಕೊಳ್ಳುವ ಅಂಗಡಿ: ಮುಂಬಯಿ ಕನ್ನಡಿಗರ ಪೇಟೆಯ ಅನುಭವ

ಕರಾವಳಿಯಿಂದ ಮುಂಬಯಿಗೆ ಬಂದು ನೆಲೆಸಿದವರ ಊರುಗಳ ಪಟ್ಟಿಯನ್ನು ಮಾಡಹೊರಟರೆ ಉಪ್ಪಿನಂಗಡಿ, ಬೆಳ್ತಂಗಡಿ, ಹೊಸಂಗಡಿಗಳು ಬೇಗನೆ ಎದುರಾಗುತ್ತವೆ. ಅಂಗಡಿಯ ಸುತ್ತ ಊರು ಬೆಳೆದು, ಅಂಗಡಿಯ ಹೆಸರೇ ಊರಿನ ಹೆಸರಾಗಿ ನಿಂತ ನಿದರ್ಶನಗಳಿವು. ಈ ಪದ ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ಸಂಗಂ ಸಾಹಿತ್ಯದ ‘ಮದುರೈಕ್ಕಾಂಜಿ’ಯಲ್ಲಿ ಹಗಲಿನ ಪೇಟೆಗೆ ನಾಳಂಗಾಡಿ ಎಂದೂ ಇರುಳಿನ ಪೇಟೆಗೆ ಅಲ್ಲಂಗಾಡಿ ಎಂದೂ ಹೆಸರಿದೆ. ಅದೇ ಪರಂಪರೆಯ ‘ಪಟ್ಟಿನಪ್ಪಾಲೈ’ ಕಾವೇರಿಪೂಂಪಟ್ಟಿನದ ಬೀದಿಗಳಲ್ಲಿ ಹಾರುತ್ತಿದ್ದ ಬಗೆಬಗೆಯ ಬಾವುಟಗಳನ್ನು ವರ್ಣಿಸುವಾಗ ಕಳ್ಳಂಗಡಿಯ ಬಾವುಟವನ್ನೂ ಮರೆಯುವುದಿಲ್ಲ. ಅಕ್ಷರ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಬಾವುಟವೇ ನಾಮಫಲಕವಾಗಿತ್ತು. ಅದನ್ನು ಓದಬೇಕಾಗಿರಲಿಲ್ಲ, ಕಂಡರೆ ಸಾಕಾಗಿತ್ತು.

ಅಂಗಡಿಯ ಕಟ್ಟಡ, ಒಳಗಿನ ಜೋಡಣೆ ಮತ್ತು ಫಲಕಗಳು ಕೊಳ್ಳುವವನ ನಡೆಯನ್ನು ಹೇಗೆ ರೂಪಿಸುತ್ತವೆ ಎಂಬ ವಿಚಾರವನ್ನು ವಾಣಿಜ್ಯಶಾಸ್ತ್ರದವರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಭಾಷೆಯ ವಿದ್ಯಾರ್ಥಿಗಳಾದ ನಾವು ಅದರ ಇನ್ನೊಂದು ಮುಖವನ್ನು ನೋಡಬೇಕಾಗಿದೆ. ಕೆಲವು ಅಂಗಡಿಗಳಲ್ಲಿ ನಾವು ಕೇಳಿ ಕೊಳ್ಳುತ್ತೇವೆ, ಕೆಲವದರಲ್ಲಿ ಓದಿ ಕೊಳ್ಳುತ್ತೇವೆ. ಹೊರನಾಡಿನಲ್ಲಿರುವ ಕನ್ನಡಿಗನ ಪಾಲಿಗೆ ಈ ವ್ಯತ್ಯಾಸ ಕೇವಲ ಅನುಕೂಲದ ಪ್ರಶ್ನೆಯಲ್ಲ. ಯಾವ ಪದ ಅವನ ಮನೆಯಲ್ಲಿ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದಕ್ಕೂ ಇದಕ್ಕೂ ಸಂಬಂಧವಿದೆ.

ಹಳೆಯ ಜೀನಸು ಅಂಗಡಿಯ ವಿನ್ಯಾಸವನ್ನು ನೆನೆಯೋಣ. ಬೀದಿಗೆ ತೆರೆದ ಮುಂಭಾಗ, ಅಡ್ಡಲಾಗಿ ಒಂದು ಮರದ ಹಲಗೆ, ಅದರ ಮೇಲೆ ತಕ್ಕಡಿ, ಪಕ್ಕದಲ್ಲಿ ಗಲ್ಲಾಪೆಟ್ಟಿಗೆ, ಅದರ ಮೇಲ್ಗಡೆ ಹೂಮಾಲೆ ಹಾಕಿದ ದೇವರ ಪಟ. ಹಲಗೆಯ ಈಚೆ ಗಿರಾಕಿ, ಆಚೆ ಸರಕು. ಗೋಣಿಚೀಲಗಳ ಬಾಯಿಯನ್ನು ಮಡಚಿ ಇಟ್ಟಿರುತ್ತಿದ್ದರಾದ್ದರಿಂದ ಬೇಳೆ, ಅಕ್ಕಿ, ಮೆಣಸು ಕಣ್ಣಿಗೆ ಕಾಣುತ್ತಿದ್ದವು. ಆದರೆ ಕೈಗೆ ಎಟುಕುತ್ತಿರಲಿಲ್ಲ. ಈ ಅಡ್ಡಹಲಗೆಯೇ ಮಾತನ್ನು ಅನಿವಾರ್ಯವಾಗಿಸಿತು. ಯಾವ ವಸ್ತು ಬೇಕಾದರೂ ಅದರ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಅಂಗಡಿಯವನಿಗೂ ಆ ಹೆಸರು ತಿಳಿದಿರಬೇಕು, ಇಲ್ಲವಾದರೆ ವ್ಯಾಪಾರ ತಪ್ಪಿತು.

ನಮ್ಮ ಮನೆಯ ಸಮೀಪದಲ್ಲಿದ್ದ ಅಂಗಡಿಯ ಯಜಮಾನರು ಕಛ್ ಕಡೆಯವರು. ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದ್ದ ನನ್ನ ತಾಯಿ ಅವರಲ್ಲಿಗೆ ಹೋಗಿ “ಸೇಟ್, ಹುರುಳಿ ಒಂದು ಕಿಲೊ” ಎನ್ನುತ್ತಿದ್ದರು. ಅವರು “ಪುರಾನಾ ಹುರುಳಿ ಕಿ ನಯಾ, ಅಮ್ಮಾ?” ಎಂದು ತಿರುಗಿ ಕೇಳುತ್ತಿದ್ದರು. ಹುರುಳಿ, ಕುಚ್ಚಲಕ್ಕಿ, ಮೆಂತ್ಯ, ಅವಲಕ್ಕಿ, ಬ್ಯಾಡಗಿ ಮೆಣಸು ಎಂಬ ಪದಗಳನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಹಲಗೆಯ ಈಚೆಯಿಂದ ಕೇಳಿ ಕೇಳಿ ಕಲಿತವರು. ಮಾಟುಂಗಾ, ವಡಾಲಾ, ಕೋಟೆ ಪ್ರದೇಶಗಳ ಇಂತಹ ಅಂಗಡಿಗಳಲ್ಲಿ ಕನ್ನಡ, ತುಳು, ಕೊಂಕಣಿ, ತಮಿಳು ಪದಗಳು ಮರಾಠಿ ಗುಜರಾತಿಗಳೊಂದಿಗೆ ಬೆರೆತು ಒಂದು ವಿಶಿಷ್ಟ ವ್ಯಾಪಾರಭಾಷೆ ರೂಪುಗೊಂಡಿತ್ತು. ಅದಕ್ಕೆ ನಿಘಂಟು ಇಲ್ಲ, ಯಾರೂ ಮಾಡಲಿಲ್ಲ.

ಬಟ್ಟೆಯ ಅಂಗಡಿಯ ರೀತಿಯೇ ಬೇರೆ. ದಾದರ್‌ನ ಅಥವಾ ಮದರಾಸಿನ ತ್ಯಾಗರಾಯನಗರದ ಹಳೆಯ ಸೀರೆ ಅಂಗಡಿಗಳಲ್ಲಿ ಬಿಳಿಯ ಹೊದಿಕೆ ಹಾಸಿದ ಗಾದಿಯಿರುತ್ತಿತ್ತು. ಚಪ್ಪಲಿ ಕಳಚಿ, ಗಾದಿಯ ಮೇಲೆ ಕುಳಿತು, ಅಂಗಡಿಯವನು ಒಂದರ ಮೇಲೊಂದು ಬಿಡಿಸಿ ಹರಡುವ ಸೀರೆಗಳನ್ನು ನೋಡಬೇಕು. ಚಪ್ಪಲಿ ಕಳಚಿದವನು ಸುಲಭವಾಗಿ ಎದ್ದುಹೋಗಲಾರ. ಮುಂದೆ ಇಪ್ಪತ್ತು ಸೀರೆಗಳು ಬಿಚ್ಚಿ ಬಿದ್ದಿರುವಾಗ ಬರಿಗೈಯಲ್ಲಿ ಹೊರಡಲು ದಾಕ್ಷಿಣ್ಯ ಅಡ್ಡಬರುತ್ತದೆ. ಚಹಾ ಬಂದರಂತೂ ಮುಗಿಯಿತು. ಅತಿಥಿಸತ್ಕಾರವನ್ನೇ ವ್ಯಾಪಾರದ ಉಪಾಯವಾಗಿಸಿದ ಈ ವಿನ್ಯಾಸವನ್ನು ಯಾವ ವಾಸ್ತುಶಿಲ್ಪಿಯೂ ರೂಪಿಸಿದ್ದಲ್ಲ.

ಮಾತನ್ನು ಅಂಗಡಿಯಿಂದ ಹೊರಗಿಡುವ ಪ್ರಯತ್ನಗಳು ಪಶ್ಚಿಮದಲ್ಲಿ ಎರಡು ಹಂತಗಳಲ್ಲಿ ನಡೆದವು. ಪ್ಯಾರಿಸ್ಸಿನ ಬಾನ್ ಮಾರ್ಷೆ ಎಂಬ ಅಂಗಡಿಯಲ್ಲಿ 1852ರಿಂದ ಪಾಲುದಾರನಾದ ಅರಿಸ್ಟೀಡ್ ಬೂಸಿಕೋ ಪ್ರತಿಯೊಂದು ವಸ್ತುವಿಗೂ ನಿಗದಿತ ಬೆಲೆಯ ಚೀಟಿಯನ್ನು ಅಂಟಿಸುವ ಪದ್ಧತಿಯನ್ನು ಬಳಕೆಗೆ ತಂದ ಪ್ರಮುಖರಲ್ಲೊಬ್ಬ. ಇದರಿಂದ ಚೌಕಾಸಿ ಹೋಯಿತು. ಮುಂದಿನ ಹೆಜ್ಜೆ ಅಮೆರಿಕದ ಮೆಂಫಿಸ್ ನಗರದ್ದು. ಅಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ 1916ರ ಸೆಪ್ಟೆಂಬರಿನಲ್ಲಿ ‘ಪಿಗ್ಲಿ ವಿಗ್ಲಿ’ ಎಂಬ ವಿಚಿತ್ರ ಹೆಸರಿನ ದಿನಸಿ ಅಂಗಡಿಯನ್ನು ತೆರೆದನು. ಗಿರಾಕಿ ತಿರುಗುಗೇಟಿನಿಂದ ಒಳಹೊಕ್ಕು, ಬುಟ್ಟಿ ಹಿಡಿದು, ಎಲ್ಲ ಕಪಾಟುಗಳ ಮುಂದೆಯೂ ಹಾದು, ತಾನೇ ಸರಕನ್ನು ಆಯ್ದು, ಕೊನೆಯಲ್ಲಿ ಹಣ ಕೊಟ್ಟು ಹೊರಬರಬೇಕು. ಈ ಜೋಡಣೆಗೆ ಆತ 1917ರಲ್ಲಿ ಪೇಟೆಂಟನ್ನೂ ಪಡೆದನು. ಅಡ್ಡಹಲಗೆ ಮಾಯವಾಯಿತು, ಅದರ ಆಚೆ ನಿಂತು ಹೆಸರನ್ನು ಕೇಳಿಸಿಕೊಳ್ಳುತ್ತಿದ್ದ ಮನುಷ್ಯನೂ ಮಾಯವಾದನು. ಅವನ ಕೆಲಸವನ್ನು ಈಗ ಚೀಟಿ, ಫಲಕ, ಪೊಟ್ಟಣದ ಮೇಲಿನ ಬರಹ ಇವು ಮಾಡಬೇಕಾಯಿತು. ಸ್ವಸೇವೆಯ ಅಂಗಡಿಯಲ್ಲಿ ಫಲಕವೆಂಬುದು ಅಲಂಕಾರವಲ್ಲ, ಮೌನವಾದ ನೌಕರ.

ಈ ನೌಕರನಿಗೆ ಅವನದೇ ಆದ ಚಾತುರ್ಯವಿದೆ. ಹಾಲು, ಅಕ್ಕಿ, ಎಣ್ಣೆಗಳಂತಹ ನಿತ್ಯದ ಸರಕನ್ನು ಒಳತುದಿಯಲ್ಲಿಟ್ಟು, ಅಲ್ಲಿಗೆ ಹೋಗುವ ದಾರಿಯುದ್ದಕ್ಕೂ ಬೇಡದ ವಸ್ತುಗಳನ್ನು ತೋರಿಸುವುದು. ಹೆಚ್ಚು ಲಾಭ ತರುವುದನ್ನು ಕಣ್ಣಿನ ಮಟ್ಟದಲ್ಲಿಡುವುದು. ಹಣ ಕೊಡುವ ಸಾಲಿನಲ್ಲಿ ಮಕ್ಕಳ ಕೈಗೆ ಎಟುಕುವಂತೆ ಚಾಕಲೇಟು ಇಡುವುದು ಎಲ್ಲರೂ ಬಲ್ಲ ಉಪಾಯಗಳು. ಅಂಗಡಿಗಳಲ್ಲಿ ಜನರ ನಡೆಯನ್ನು ದೀರ್ಘಕಾಲ ಗಮನಿಸಿದ ಪ್ಯಾಕೊ ಅಂಡರ್‌ಹಿಲ್ 1999ರಲ್ಲಿ ಪ್ರಕಟಿಸಿದ ‘ವೈ ವಿ ಬೈ’ ಎಂಬ ಗ್ರಂಥದಲ್ಲಿ, ಹೊಸಿಲು ದಾಟಿದ ಮೊದಲ ಕೆಲವು ಹೆಜ್ಜೆಗಳಲ್ಲಿ ಗಿರಾಕಿ ಏನನ್ನೂ ಗಮನಿಸುವುದಿಲ್ಲ, ಅಲ್ಲಿ ತೂಗುಹಾಕಿದ ಫಲಕ ವ್ಯರ್ಥ ಎಂದು ವಿವರಿಸುತ್ತಾನೆ. ನಮ್ಮ ಹಳೆಯ ಅಂಗಡಿಗೆ ಈ ತೊಂದರೆ ಇರಲಿಲ್ಲ. ಅಲ್ಲಿ ಗಿರಾಕಿ ಒಳಗೆ ಹೋಗುತ್ತಲೇ ಇರಲಿಲ್ಲವಷ್ಟೆ.

ಪಶ್ಚಿಮದ ಮಾದರಿ ಇಲ್ಲಿ ಹಾಗೆಯೇ ಒಗ್ಗಿತು ಎಂದು ಭಾವಿಸುವುದು ಸರಿಯಲ್ಲ. 2001ರಲ್ಲಿ ಆರಂಭವಾಗಿ 2022ರವರೆಗೆ ನಡೆದ ಬಿಗ್ ಬಜಾರ್ ಮಳಿಗೆಗಳ ಸ್ಥಾಪಕ ಕಿಶೋರ್ ಬಿಯಾನಿಯವರು ಕಂಡುಕೊಂಡ ಸಂಗತಿ ಕುತೂಹಲಕರವಾಗಿದೆ. ವಿಶಾಲವಾದ ಓಣಿಗಳು, ನೀಟಾದ ಕಪಾಟುಗಳು ಇದ್ದರೆ ಜನ ನಿಲ್ಲದೆ ನಡೆದು ಹೋಗುತ್ತಿದ್ದರು. ಆದ್ದರಿಂದ ಅವರು ಬೇಕೆಂದೇ ದಾರಿಯನ್ನು ಕಿರಿದುಗೊಳಿಸಿ, ಸರಕನ್ನು ತೊಟ್ಟಿಗಳಲ್ಲಿ ರಾಶಿ ಹಾಕಿ, ಸಂತೆಯ ನೂಕುನುಗ್ಗಲನ್ನು ಹವಾನಿಯಂತ್ರಿತ ಕಟ್ಟಡದೊಳಗೆ ಮರುಸೃಷ್ಟಿಸಿದರು. ಧಾನ್ಯವನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳಲು ನಮ್ಮವರ ಮನಸ್ಸು ಒಪ್ಪದು ಎಂಬುದು ಅವರಿಗೆ ತಿಳಿದಿತ್ತು. ಸಂತೆಯ ಗದ್ದಲವೇನೋ ಬಂದಿತು. ಆದರೆ ಸಂತೆಯ ಸಂಭಾಷಣೆ ಬರಲಿಲ್ಲ. ತೊಟ್ಟಿಯ ಮೇಲೆ ಚೀಟಿಯೇ ಇತ್ತು.

ಆ ಚೀಟಿಯ ಭಾಷೆ ಯಾವುದು ಎಂಬುದೇ ನಮ್ಮ ಪ್ರಶ್ನೆ. ಮುಂಬಯಿಯಲ್ಲಿ ಅದು ಇಂಗ್ಲಿಷ್; ಹಲವೆಡೆ ಜೊತೆಗೆ ಮರಾಠಿ ಅಥವಾ ಹಿಂದಿ. ಹುರುಳಿ ಅಲ್ಲಿ ‘ಕುಳೀಥ’, ಇಲ್ಲವೇ ‘ಹಾರ್ಸ್ ಗ್ರಾಮ್’. ಮನೆಯಲ್ಲಿ ಕನ್ನಡ ಮಾತನಾಡುವ ಮಗು ಅಂಗಡಿಯಲ್ಲಿ ವಸ್ತುವನ್ನು ಮೊದಲು ಕಾಣುವುದು ಆ ಹೆಸರಿನ ಕೆಳಗೆ. ಅಜ್ಜಿ ಹುರುಳಿ ಸಾರು ಎಂದದ್ದೂ ಕಪಾಟಿನಲ್ಲಿ ಕಂಡದ್ದೂ ಒಂದೇ ಎಂಬುದು ಅದಕ್ಕೆ ತಿಳಿಯದೆಯೇ ಹೋಗಬಹುದು. ಸಾಹಿತ್ಯ ಸಮ್ಮೇಳನಗಳಲ್ಲಿ ನಾವು ಭಾಷೆಯ ಅಳಿವು ಉಳಿವುಗಳ ಬಗೆಗೆ ಭಾಷಣ ಮಾಡುತ್ತೇವೆ. ಬೇಳೆಯ ಕಪಾಟಿನ ಮುಂದೆ ಅದು ಸದ್ದಿಲ್ಲದೆ ನಡೆಯುತ್ತಿರುತ್ತದೆ.

ಹೊರಗಿನ ನಾಮಫಲಕದ ವಿಚಾರ ಇಷ್ಟು ಸರಳವಲ್ಲ. ಮಹಾರಾಷ್ಟ್ರದಲ್ಲಿ 2022ರ ತಿದ್ದುಪಡಿಯಂತೆ ಎಲ್ಲ ಅಂಗಡಿಗಳೂ ದೇವನಾಗರಿ ಲಿಪಿಯಲ್ಲಿ ಮರಾಠಿ ಫಲಕವನ್ನು ಹೊಂದಿರಬೇಕು, ಅದರ ಅಕ್ಷರಗಳು ಬೇರೆ ಲಿಪಿಯವುಗಳಿಗಿಂತ ಚಿಕ್ಕದಾಗಿರಬಾರದು. ಸರ್ವೋಚ್ಚ ನ್ಯಾಯಾಲಯವು 2023ರ ಸೆಪ್ಟೆಂಬರಿನಲ್ಲಿ ಇದರ ಪಾಲನೆಗೆ ಎರಡು ತಿಂಗಳ ಅವಧಿಯನ್ನು ನೀಡಿತು. ಕರ್ನಾಟಕವೂ 2024ರಲ್ಲಿ ಫಲಕದ ಶೇಕಡಾ 60ರಷ್ಟು ಭಾಗ, ಅದೂ ಮೇಲ್ಭಾಗದಲ್ಲಿ, ಕನ್ನಡಕ್ಕೆ ಮೀಸಲಾಗಿರಬೇಕೆಂದು ವಿಧಿಸಿತು. ಬೆಂಗಳೂರಿನಲ್ಲಿ ನಾವು ನ್ಯಾಯವೆಂದು ಬಯಸುವುದನ್ನು ಮುಂಬಯಿಯಲ್ಲಿ ಅನ್ಯಾಯವೆನ್ನಲು ಬಾರದು. ನೆಲದ ಭಾಷೆಗೆ ಅಗ್ರಸ್ಥಾನ ಸಲ್ಲಲೇಬೇಕು. ಆದರೆ ಫಲಕದ ಅಗಲ ಸೀಮಿತವಾದುದು. ಎರಡು ಲಿಪಿಗಳು ಕುಳಿತ ಮೇಲೆ ಮೂರನೆಯದಕ್ಕೆ ಜಾಗ ಉಳಿಯುವುದು ಕಷ್ಟ, ಆ ಮೂರನೆಯದು ಬಹುತೇಕ ಕನ್ನಡ.

ಇದರಲ್ಲಿ ಲಿಪಿಯ ರಚನೆಯ ಪಾತ್ರವೂ ಇದೆಯೆಂಬುದನ್ನು ಗಮನಿಸಬೇಕು. ರೋಮನ್ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಸಮನಾಗಿ ನಿಲ್ಲುತ್ತವೆ. ಕನ್ನಡ ಅಕ್ಷರಕ್ಕೆ ಮೇಲೆ ಗುಡಿಸಿಗೂ ಕೆಳಗೆ ಒತ್ತಕ್ಷರಕ್ಕೂ ಸ್ಥಳ ಬೇಕು. ‘ಸ್ಟೋರ್ಸ್’ ಎಂದು ಬರೆಯಹೊರಟರೆ ಕೆಳಗಿನ ಟಕಾರದ ಒತ್ತಿಗಾಗಿ ಮೂಲಾಕ್ಷರವನ್ನೇ ಕುಗ್ಗಿಸಬೇಕಾಗುತ್ತದೆ. ಅದೇ ಎತ್ತರದ ಹಲಗೆಯಲ್ಲಿ ಕನ್ನಡ ಚಿಕ್ಕದಾಗಿ, ರಸ್ತೆಯ ಆಚೆಯಿಂದ ಕಾಣದಂತಾಗುವುದು ಹೀಗೆ. ಕನ್ನಡ ಬಾರದ ಪೇಂಟರು ಕಾಗದದ ಮೇಲಿನ ಅಕ್ಷರವನ್ನು ನೋಡಿ ನಕಲು ಮಾಡುತ್ತಿದ್ದ ಕಾಲದಲ್ಲಿ ಒತ್ತಕ್ಷರ ಅಕ್ಕಪಕ್ಕಕ್ಕೆ ಸರಿಯುತ್ತಿತ್ತು. ಗಣಕಯಂತ್ರದಲ್ಲಿ ಫಲಕ ಸಿದ್ಧವಾಗುವ ಈ ಕಾಲದಲ್ಲಿಯೂ ತಂತ್ರಾಂಶವು ಕನ್ನಡವನ್ನು ಅರಿಯದಿದ್ದರೆ ಒತ್ತಕ್ಷರ ಬಿಡಿಯಾಗಿ ಹೊರಬೀಳುತ್ತದೆ. ಪೇಂಟರನಾದರೆ ತಿದ್ದಬಹುದಿತ್ತು.

ಇಷ್ಟಾದರೂ ಕನ್ನಡಿಗರ ವ್ಯಾಪಾರವು ಮುಂಬಯಿಯ ಬೀದಿಗಳಲ್ಲಿ ಗುರುತಿಲ್ಲದೆ ಹೋಗಿಲ್ಲ. ‘ಉಡುಪಿ’ ಎಂಬ ಮೂರಕ್ಷರ ಯಾವ ಲಿಪಿಯಲ್ಲಿದ್ದರೂ ಅದು ಪಟ್ಟಿನಪ್ಪಾಲೈಯ ಬಾವುಟದಂತೆ ಕೆಲಸ ಮಾಡುತ್ತದೆ. ಮಾಟುಂಗಾದಲ್ಲಿ 1942ರಿಂದ ನಡೆದು ಬಂದಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಿಂದ ಹಿಡಿದು ಉಪನಗರದ ಚಿಕ್ಕ ಹೋಟೆಲಿನವರೆಗೆ ಆ ಹೆಸರನ್ನು ನೋಡಿದವನಿಗೆ ಶಾಕಾಹಾರ, ಶುಚಿತ್ವ, ಮಿತವಾದ ಬೆಲೆ ಎಂಬ ಅರ್ಥಗಳು ಒಮ್ಮೆಲೇ ಹೊಳೆಯುತ್ತವೆ. ಊರೊಂದರ ಹೆಸರು ಹೋಟೆಲಿನ ಒಂದು ಬಗೆಯನ್ನೇ ಸೂಚಿಸುವ ಪದವಾಗಿ ಅರ್ಥವಿಸ್ತಾರ ಹೊಂದಿದ್ದು ಭಾಷಾವಿಜ್ಞಾನಿಗಳಿಗೆ ಒಳ್ಳೆಯ ಉದಾಹರಣೆ. ಆದರೆ ಇದರಿಂದ ಸಮಾಧಾನ ಪಡುವುದು ನನಗೆ ಕಷ್ಟ. ಹೆಸರು ಉಳಿದು ಲಿಪಿ ಹೋದಾಗ ಉಳಿದದ್ದು ಮುದ್ರೆ, ಭಾಷೆಯಲ್ಲ. ಒಂದು ಮುದ್ರೆಯಿಂದ ವಾಕ್ಯ ಕಟ್ಟಲಾಗದು. ಜೀನಸು ಅಂಗಡಿಯ ಹಲಗೆಯ ಮುಂದೆ ಮೂಡುತ್ತಿದ್ದುದು ವಾಕ್ಯಗಳು.

ನಮ್ಮ ಬೀದಿಯ ಆ ಅಂಗಡಿಯೂ ಬದಲಾಯಿತು. ಸೇಟ್ ಅವರ ಮಗ ಅಡ್ಡಹಲಗೆಯನ್ನು ಕಿತ್ತು, ಗಾಜಿನ ಬಾಗಿಲು ಇರಿಸಿ, ಕಪಾಟುಗಳ ಸಾಲು ಮಾಡಿದರು. ತಾಯಿ ಮೊದಲ ದಿನ ಬುಟ್ಟಿ ಹಿಡಿದು ಬೇಳೆಗಳ ಮುಂದೆ ಬಹಳ ಹೊತ್ತು ನಿಂತಿದ್ದರು. ದೇವನಾಗರಿಯನ್ನು ಅವರು ಕಲಿತಿರಲಿಲ್ಲ, ಇಂಗ್ಲಿಷ್ ಬಾರದು. ಮೂವತ್ತು ವರ್ಷ ತಾವಾಗಿಯೇ ವ್ಯಾಪಾರ ಮಾಡಿಕೊಂಡು ಬಂದಿದ್ದ ಅದೇ ನೆಲದ ಮೇಲೆ ಅವರು ಅಂದು ಅನಕ್ಷರಸ್ಥರಾದರು. ಪೊಟ್ಟಣಗಳನ್ನು ಎತ್ತಿ ಕಿವಿಯ ಬಳಿ ಅಲುಗಿಸಿ, ಸದ್ದಿನಿಂದ ಹುರುಳಿಯನ್ನು ಗುರುತಿಸಿ ತಂದರು. ಹಳಬರು ಗಲ್ಲಾದ ಬಳಿ ಕುಳಿತಿದ್ದರು, “ಅಮ್ಮಾ, ಕೇಳಬಾರದಿತ್ತೆ?” ಎಂದು ಹಿಂದಿಯಲ್ಲಿ ಅಂದರಂತೆ. “ಕೇಳುವ ಜಾಗ ಎಲ್ಲಿದೆ ಸೇಟ್?” ಎಂದರಂತೆ ತಾಯಿ.

ಅಲ್ಲಿಗೆ ಮಂಗಳೂರಿನ ಕಡೆಯ ಕುಚ್ಚಲಕ್ಕಿಯ ಚೀಲಗಳು ಈಗಲೂ ಬರುತ್ತವೆ. ಅವುಗಳ ಒಂದು ಮುಖದಲ್ಲಿ ಕನ್ನಡ, ಇನ್ನೊಂದರಲ್ಲಿ ಇಂಗ್ಲಿಷ್ ಅಚ್ಚಾಗಿರುತ್ತದೆ. ಕೆಲಸದ ಹುಡುಗರು ಇಂಗ್ಲಿಷ್ ಮುಖವನ್ನು ಮುಂದೆ ಮಾಡಿ ಜೋಡಿಸುತ್ತಾರೆ. ತಾಯಿ ಹೋದಾಗಲೆಲ್ಲ ಎದುರಿನ ನಾಲ್ಕೈದು ಚೀಲಗಳನ್ನು ತಿರುಗಿಸಿ ಇಟ್ಟು ಬರುತ್ತಾರೆ.