ಮುಚ್ಚಿದ ಧಮನಿ ಮತ್ತೆ ತೆರೆದಾಗ

ಫಾಸ್ಟರ್ ಸಿಟಿಯ ನಮ್ಮ ಮನೆಗೆ ಊರಿನಿಂದ ಫೋನ್ ಬಂದದ್ದು ಒಂದು ಮಧ್ಯಾಹ್ನ. ಅಲ್ಲಿ ಆಗಲೇ ನಡುರಾತ್ರಿ ಕಳೆದಿತ್ತು. ತಂದೆಯವರಿಗೆ ಎದೆಯಲ್ಲಿ ಭಾರ, ಮೈಯೆಲ್ಲ ಬೆವರು. ಗ್ಯಾಸ್ಟ್ರಿಕ್ ಇರಬೇಕೆಂದು ಜೀರಿಗೆ ಕಷಾಯ ಕುಡಿಸಿ ಒಂದು ಗಂಟೆ ಕಾದಿದ್ದರು. ಮಲೆನಾಡಿನ ಆ ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆ ಅರ್ಧ ಗಂಟೆಯ ದಾರಿ. ಕ್ಯಾಥ್‌ಲ್ಯಾಬ್ ಇರುವ ನಗರಕ್ಕೆ ಮೂರು ಗಂಟೆ. “ಎಲ್ಲಿಗೆ ಕರೆದುಕೊಂಡು ಹೋಗಲಿ, ಅಣ್ಣಾ?” ಎಂದು ತಮ್ಮ ಕೇಳಿದ. ನೇರವಾಗಿ ನಗರಕ್ಕೆ ಎಂದೆ. 108ರ ಸಿಬ್ಬಂದಿ ನನ್ನ ಮಾತನ್ನು ಲೆಕ್ಕಿಸದೆ ತಾಲ್ಲೂಕು ಆಸ್ಪತ್ರೆಗೇ ಒಯ್ದರು. ನಾನು ವೈದ್ಯನಲ್ಲ. ನನ್ನ ಸಲಹೆ ಏಕೆ ತಪ್ಪಾಗಿತ್ತೆಂಬುದನ್ನು ಬಳಿಕ ಓದಿ ತಿಳಿದುಕೊಂಡೆ.

ಹೃದಯಕ್ಕೆ ರಕ್ತವೊದಗಿಸುವ ಧಮನಿಯಲ್ಲಿ ಹೆಪ್ಪು ಕಟ್ಟಿ ಹರಿವು ನಿಂತರೆ ಆಚೆಗಿನ ಸ್ನಾಯು ಒಮ್ಮೆಗೇ ಸಾಯುವುದಿಲ್ಲ. ಸಾವು ಒಳಪದರದಲ್ಲಿ ಮೊದಲಾಗಿ ಅಲೆಯಂತೆ ಹೊರಪದರದತ್ತ ಸರಿಯುತ್ತದೆ. ರೈಮರ್ ಮತ್ತು ಜೆನಿಂಗ್ಸ್ 1977ರಲ್ಲಿ ನಾಯಿಗಳ ಮೇಲಿನ ಪ್ರಯೋಗಗಳಿಂದ ಇದನ್ನು ತೋರಿಸಿದರು. ನಲವತ್ತು ನಿಮಿಷಗಳಲ್ಲಿ ಧಮನಿಯನ್ನು ತೆರೆದಾಗ ಸ್ನಾಯುವಿನ ಬಹುಭಾಗ ಉಳಿದಿತ್ತು. ಆರು ಗಂಟೆಗಳ ಬಳಿಕ ಉಳಿಸಲು ಹೆಚ್ಚೇನೂ ಇರಲಿಲ್ಲ.

ತೆರೆಯಲು ದಾರಿ ಎರಡು. ಒಂದು, ಬಲೂನು ಮತ್ತು ಸ್ಟೆಂಟ್. ಗ್ರುಂಟ್ಸಿಗ್ 1977ರಲ್ಲಿ ಜೂರಿಚ್‌ನಲ್ಲಿ ಮೊದಲ ಬಾರಿಗೆ ಹೃದಯದ ಧಮನಿಯಲ್ಲಿ ಬಲೂನನ್ನು ಉಬ್ಬಿಸಿದರು. ಮರುವರ್ಷವೇ ನಮ್ಮ ನೆರೆಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಿಚರ್ಡ್ ಮೈಲರ್ ಅದನ್ನು ಕೈಗೊಂಡರು. ಎರಡನೆಯದು, ಹೆಪ್ಪನ್ನು ಕರಗಿಸುವ ಚುಚ್ಚುಮದ್ದು. 1986ರಲ್ಲಿ ಇಟಲಿಯ ಬೃಹತ್ ಅಧ್ಯಯನವೊಂದರಲ್ಲಿ ಸ್ಟ್ರೆಪ್ಟೋಕೈನೇಸ್ ಪಡೆದವರಲ್ಲಿ ಸತ್ತವರು ಶೇ. 10.7, ಪಡೆಯದವರಲ್ಲಿ ಶೇ. 13. ಅಂತರ ಸಣ್ಣದೆನಿಸಬಹುದು. ಆದರೆ ನೋವು ಆರಂಭವಾದ ಮೊದಲ ಗಂಟೆಯೊಳಗೇ ಔಷಧ ದೊರೆತವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು.

ಸೌಲಭ್ಯ ಸಮೀಪದಲ್ಲಿದ್ದರೆ ಬಲೂನೇ ಮೇಲು, ಸಂದೇಹವಿಲ್ಲ. ರೋಗಿಯನ್ನು ಪರೀಕ್ಷಿಸಿದ ಹೊತ್ತಿನಿಂದ 120 ನಿಮಿಷಗಳೊಳಗೆ ಅದು ಸಾಧ್ಯವಾಗದೆಂದಾದರೆ ಮೊದಲು ಚುಚ್ಚುಮದ್ದು ಕೊಟ್ಟು, ಆಮೇಲೆ ನಗರಕ್ಕೆ ಕಳುಹಿಸಬೇಕು. ನಾನು ಎಡವಿದ್ದು ಇಲ್ಲಿಯೇ.

ತಂದೆಯವರಿಗೆ ಕೊಟ್ಟದ್ದು ಟೆನೆಕ್ಟೆಪ್ಲೇಸ್. ನಮ್ಮ ದೇಹದಲ್ಲೇ ಇರುವ, ಹೆಪ್ಪಿನ ನಾರುಗಳನ್ನು ಕತ್ತರಿಸುವ ವ್ಯವಸ್ಥೆಯನ್ನು ಚುರುಕುಗೊಳಿಸುವ ಪ್ರೋಟೀನೊಂದನ್ನು ಮೂರು ಕಡೆ ಮಾರ್ಪಡಿಸಿ ಇದನ್ನು ರೂಪಿಸಿದ್ದಾರೆ. ಹಳೆಯ ಔಷಧವನ್ನು ಒಂದೂವರೆ ಗಂಟೆ ಹನಿಸಬೇಕಿತ್ತು. ಇದನ್ನು ತೂಕ ನೋಡಿ ಕೆಲವೇ ಸೆಕೆಂಡುಗಳಲ್ಲಿ ಕೊಟ್ಟು ಮುಗಿಸಬಹುದು. ರೂಪಿಸಿದ ಜೆನೆಂಟೆಕ್ ಇರುವುದು ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ನಮ್ಮ ಮನೆಯಿಂದ 101 ಹೆದ್ದಾರಿಯಲ್ಲಿ ಅರ್ಧ ಗಂಟೆಯೊಳಗಿನ ದಾರಿ. ವರ್ಷಗಟ್ಟಲೆ ಆ ಕಟ್ಟಡಗಳನ್ನು ದಾಟಿಕೊಂಡೇ ವಿಮಾನ ನಿಲ್ದಾಣದಾಚೆಗೆ ಹೋಗಿ ಬಂದಿದ್ದೇನೆ! ಇಂದು ಇದು ಭಾರತದಲ್ಲೂ ತಯಾರಾಗುತ್ತದೆ. ಕರ್ನಾಟಕ ಸರ್ಕಾರವು ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಒದಗಿಸತೊಡಗಿದೆ. ಇಸಿಜಿಯನ್ನು ಜಯದೇವದಂತಹ ಕೇಂದ್ರಗಳ ತಜ್ಞರು ದೂರದಿಂದಲೇ ನೋಡಿ ಸಲಹೆ ನೀಡುತ್ತಾರೆ. 2021ರಲ್ಲಿ ಪುನೀತ್ ತೀರಿಕೊಂಡಾಗ ಅವರಿಗೆ 46 ವರ್ಷ.

ಮದ್ದಿಗೆ ಅಪಾಯವಿಲ್ಲವೆಂದಲ್ಲ. ನೂರರಲ್ಲಿ ಸುಮಾರು ಒಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ. ಹಿಂದೆ ಹಾಗಾದವರಿಗೆ ಇದನ್ನು ಕೊಡುವಂತಿಲ್ಲ. ಇನ್ನೊಂದು ವಿಚಿತ್ರವೂ ಇದೆ: ಮರಳಿ ಬಂದ ರಕ್ತವೇ ಸ್ವಲ್ಪ ಹಾನಿ ಮಾಡುತ್ತದೆ. ಹಸಿದ ಜೀವಕೋಶಗಳಿಗೆ ಆಮ್ಲಜನಕ ಒಮ್ಮೆಲೇ ನುಗ್ಗಿದಾಗ ತೀಕ್ಷ್ಣ ರಾಸಾಯನಿಕ ಕಣಗಳು ಹುಟ್ಟುತ್ತವೆ, ಕ್ಯಾಲ್ಸಿಯಂ ಮಿತಿಮೀರುತ್ತದೆ, ಮೈಟೋಕಾಂಡ್ರಿಯಗಳು ಒಡೆಯುತ್ತವೆ. ದೊಡ್ಡ ಧಮನಿ ತೆರೆದರೂ ಕೂದಲೆಳೆಗಿಂತ ಸಣ್ಣ ನಾಳಗಳು ಮುಚ್ಚಿಯೇ ಉಳಿಯುವುದುಂಟು. ಇದನ್ನು ತಡೆಯಲು ಪರೀಕ್ಷಿಸಿದ ಔಷಧಗಳು ಪ್ರಾಣಿಗಳಲ್ಲಿ ಫಲಿಸಿ ಮನುಷ್ಯರಲ್ಲಿ ಸೋತಿವೆ. ಹಾಗಿದ್ದರೂ ತೆರೆಯದೆ ಬಿಡುವುದರಿಂದಾಗುವ ನಷ್ಟ ಇದಕ್ಕಿಂತ ಎಷ್ಟೋ ಹೆಚ್ಚು.

ಒಂದೂವರೆ ಗಂಟೆಯ ನಂತರ ತೆಗೆದ ಇಸಿಜಿಯಲ್ಲಿ ಏರಿದ್ದ ಗೆರೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಹರಿವು ಮರಳಿದೆಯೆನ್ನಲು ಅದೇ ಗುರುತು. ಇಳಿಯದಿದ್ದರೆ ತಡಮಾಡದೆ ಬಲೂನಿಗೆ ಒಯ್ಯಬೇಕಾಗುತ್ತಿತ್ತು. ತಂದೆಯವರನ್ನು ಮರುದಿನ ನಗರಕ್ಕೆ ಕರೆದೊಯ್ದು ಸ್ಟೆಂಟ್ ಹಾಕಿದರು.

ಈಗ ತಮ್ಮನ ಮನೆಯ ಗೋಡೆಯ ಮೇಲೆ ಒಂದು ಚೀಟಿ ಅಂಟಿದೆ: ಇಸಿಜಿ ಮತ್ತು ಚುಚ್ಚುಮದ್ದು ಎರಡೂ ಇರುವ ಹತ್ತಿರದ ಆಸ್ಪತ್ರೆಯ ಹೆಸರು, 108. ಕಷಾಯವನ್ನು ಆಮೇಲೆ ಕುಡಿಯಬಹುದು ಎಂದು ಕೆಳಗೆ ನಾನೇ ಬರೆಸಿದ್ದೇನೆ.